ಸಡಿಲ ಬೆಟ್ಟದ ಮೇಲೆ ಹೆಜ್ಜೆ

ಸ್ನೇಹಿತರೇ, ನಮಸ್ಕಾರ.

ಕಾಲಿಟ್ಟ ಕಡೆ ನೆಲ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆಯೇ ನಾವು ಬೆಟ್ಟ ಹತ್ತುತ್ತೇವೆ. ಉತ್ತರ ಕ್ಯಾಲಿಫೋರ್ನಿಯಾದ ಲಾಸೆನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಲ್ಲಿ ಸಿಂಡರ್ ಕೋನ್ ಎಂಬ ಬೆಟ್ಟವಿದೆ. ಆ ನಂಬಿಕೆ ಅಲ್ಲಿ ಕೆಲವೇ ಹೆಜ್ಜೆಗಳಲ್ಲಿ ಕೈಬಿಡುತ್ತದೆ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಕ್ಕೆ ಜಾರುತ್ತದೆ. ಆ ಬೆಟ್ಟದ ರೂಪ, ಅದರ ವಯಸ್ಸಿನ ಬಗ್ಗೆ ನಡೆದ ವಾದ, ಅದಕ್ಕೆ ಒದಗಬಹುದಾದ ಹಾನಿ ಎಲ್ಲಕ್ಕೂ ಈ ಸಡಿಲತನವೇ ಮೂಲ. ಇಂದು ಅದರ ಬಗ್ಗೆಯೇ ಮಾತನಾಡುತ್ತೇನೆ.

ದಾರಿ ಶುರುವಾಗುವುದು ಬ್ಯೂಟ್ ಸರೋವರದ ಬಳಿ. ಹೋಗಿಬರುವುದು ಸೇರಿ ಸುಮಾರು ಆರೂವರೆ ಕಿಲೋಮೀಟರ್. ದೂರ ಕೇಳಿ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲ ಭಾಗ ಪೈನ್ ಮರಗಳ ನಡುವೆ ಸಾಗುತ್ತದೆ. 1850ರ ದಶಕದಲ್ಲಿ ವಲಸೆಗಾರರ ಬಂಡಿಗಳು ಓಡಾಡಿದ ನೋಬಲ್ಸ್ ಮಾರ್ಗ ಇದೇ. ಕಾಲಡಿಯಲ್ಲಿರುವುದು ಮಣ್ಣಲ್ಲ, ಜ್ವಾಲಾಮುಖಿಯ ಬೂದಿ. ಮರಳಿನಲ್ಲಿ ನಡೆದಂತೆ ಕಾಲು ಹೂತುಹೋಗುತ್ತದೆ. ಎಡಗಡೆಗೆ ಕಪ್ಪು ಬಂಡೆಗಳ ಗೋಡೆಯೊಂದು ಜೊತೆಜೊತೆಗೇ ಬರುತ್ತದೆ. ಅದು ಲಾವಾರಸ ಹರಿದು ಗಟ್ಟಿಯಾದ ಅಂಚು. ಆ ಇಡೀ ಹರಹಿಗೆ ಫೆಂಟಾಸ್ಟಿಕ್ ಲಾವಾ ಬೆಡ್ಸ್ ಎಂದು ಹೆಸರು. ಮರಗಳು ಮುಗಿದ ಕೂಡಲೇ ಕೋನ್ ಎದುರಾಗುತ್ತದೆ: ಸುತ್ತಲಿನ ನೆಲದಿಂದ ಸುಮಾರು 230 ಮೀಟರ್ ಎತ್ತರ, ಬೋಳು, ಬೂದುಗಪ್ಪು, ಅಳೆದು ಕಡೆದಂತಹ ಇಳಿಜಾರು.

ಇಳಿಜಾರು ಅಷ್ಟು ನೇರವಾಗಿರುವುದಕ್ಕೆ ಕಾರಣವಿದೆ. ಅನಿಲ ತುಂಬಿದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ನೆಲದಿಂದ ಕಾರಂಜಿಯಂತೆ ಚಿಮ್ಮುತ್ತದೆ. ಗಾಳಿಯಲ್ಲೇ ಚೂರುಚೂರಾಗಿ, ತಣಿದು, ಬಾಯಿಯ ಸುತ್ತ ಬೀಳುತ್ತದೆ. ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕಣದಲ್ಲಿ ಸುರಿದ ಧಾನ್ಯದ ರಾಶಿಯಂತೆ ಅವು ಒಂದು ಕೋನದವರೆಗೆ ನಿಲ್ಲುತ್ತವೆ, ಅದನ್ನು ಮೀರಿದರೆ ಉರುಳುತ್ತವೆ. ಈ ಬಗೆಯ ಚೂರುಗಳಿಗೆ ಆ ಮಿತಿ ಮೂವತ್ತು ಡಿಗ್ರಿಯಿಂದ ತುಸು ಮೇಲೆ. ಇಡೀ ಬೆಟ್ಟ ಆ ಮಿತಿಯ ಅಂಚಿನಲ್ಲೇ ನಿಂತಿದೆ. ನಿಮ್ಮ ಕಾಲಿನ ಭಾರ ಬಿದ್ದ ಕಡೆ ಸಮತೋಲ ತಪ್ಪಿ ಚೂರುಗಳು ಜಾರುತ್ತವೆ, ನಿಮ್ಮನ್ನೂ ಜಾರಿಸುತ್ತವೆ. ಇದು ನಿಮ್ಮ ಕಾಲಿನ ಬಲಹೀನತೆಯಲ್ಲ, ಭೌತವಿಜ್ಞಾನ.

ಇಂತಹ ಬೆಟ್ಟ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಮನುಷ್ಯರು ಕಣ್ಣಾರೆ ಕಂಡಿದ್ದಾರೆ. 1943ರ ಫೆಬ್ರವರಿ 20ರಂದು ಮೆಕ್ಸಿಕೊದಲ್ಲಿ ರೈತನೊಬ್ಬನ ಮೆಕ್ಕೆಜೋಳದ ಹೊಲ ಬಿರಿದು ಪರಿಕುಟಿನ್ ಎಂಬ ಜ್ವಾಲಾಮುಖಿ ಹುಟ್ಟಿತು. ಒಂದೇ ವರ್ಷದಲ್ಲಿ ಅದು 300 ಮೀಟರ್ ದಾಟಿತು, 1952ರಲ್ಲಿ ತಣ್ಣಗಾಯಿತು. ಇವುಗಳಲ್ಲಿ ಹೆಚ್ಚಿನವುಗಳ ಬಾಳು ಒಂದೇ ಸ್ಫೋಟದ ಕಾಲಕ್ಕೆ ಮುಗಿಯುತ್ತದೆ.

ಹತ್ತುವಾಗ ದಾರಿಯಲ್ಲೇ ಒಂದು ಚೂರನ್ನು ಕೈಗೆತ್ತಿಕೊಂಡು ನೋಡಿ. ಗಾತ್ರ ನೋಡಿ ಊಹಿಸಿದ್ದಕ್ಕಿಂತ ಹಗುರ. ಮೈತುಂಬ ತೂತುಗಳು, ಕೆಲವು ಸೂಜಿಮೊನೆಯಷ್ಟು, ಕೆಲವು ಬಟಾಣಿಯಷ್ಟು. ಅನಿಲದ ಗುಳ್ಳೆಗಳು ತಪ್ಪಿಸಿಕೊಳ್ಳುವ ಮೊದಲೇ ಕಲ್ಲು ಹೆಪ್ಪುಗಟ್ಟಿದ ಗುರುತು ಅದು. ತೂತುಗಳ ಅಂಚು ಗಾಜಿನಂತೆ ಹರಿತ, ಬೆರಳು ಜೋಪಾನ. ಇಲ್ಲಿನ ಶಿಲೆಯಲ್ಲಿ ಕೆಲವೊಮ್ಮೆ ಕ್ವಾರ್ಟ್ಸ್‌ನ ಬಿಳಿ ಹರಳೂ ಸಿಗುತ್ತದೆ. ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನ ಜಾತಿಯ ಶಿಲೆಯಲ್ಲಿ ಅದು ಇರಬೇಕಾದದ್ದಲ್ಲ. ಶಿಲಾಪಾಕ ಮೇಲೇರುವಾಗ ದಾರಿಯಲ್ಲಿದ್ದ ಬೇರೆ ಶಿಲೆಯಿಂದ ಹೊತ್ತು ತಂದದ್ದು. ನೋಡಿದ ಮೇಲೆ ಚೂರನ್ನು ಇದ್ದಲ್ಲೇ ಇಡಿ. ರಾಷ್ಟ್ರೀಯ ಉದ್ಯಾನದಿಂದ ಕಲ್ಲು ಒಯ್ಯುವುದು ಕಾನೂನುಬಾಹಿರ.

ಶಿಖರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,105 ಮೀಟರ್ ಎತ್ತರದಲ್ಲಿ, ಒಂದರೊಳಗೊಂದು ಎರಡು ಅಂಚುಗಳಿರುವ ಕುಂಡ, ಅಂದರೆ ಜ್ವಾಲಾಮುಖಿಯ ಬಾಯಿ, ಇದೆ. ಅದರ ತಳಕ್ಕೂ ಕಾಲುದಾರಿ ಇಳಿಯುತ್ತದೆ. ನೈಋತ್ಯಕ್ಕೆ ಲಾಸೆನ್ ಶಿಖರ ಕಾಣುತ್ತದೆ. 1914ರಿಂದ 1917ರವರೆಗೆ ಸಿಡಿದದ್ದು ಅದು. ಆದರೆ ನಾನು ನಿಮ್ಮನ್ನು ಕೆಳಗೆ ನೋಡಿ ಎನ್ನುತ್ತೇನೆ. ಕಪ್ಪು ಲಾವಾ ಹಾಸು ಶಿಖರದ ಕುಂಡದಿಂದ ಉಕ್ಕಿದ್ದಲ್ಲ, ಬೆಟ್ಟದ ಬುಡದಿಂದ ಹೊರಬಿದ್ದದ್ದು. ಅನಿಲ ಕಳೆದುಕೊಂಡ ಲಾವಾರಸ ತೂತುಗಲ್ಲುಗಳಿಗಿಂತ ಭಾರ. ಅದನ್ನು ಶಿಖರದವರೆಗೆ ತಡೆದಿಟ್ಟುಕೊಳ್ಳುವ ಶಕ್ತಿ ಸಡಿಲ ರಾಶಿಗಿಲ್ಲ, ಆದ್ದರಿಂದ ಬುಡ ಸೀಳಿ ಹರಿಯಿತು. ದಕ್ಷಿಣದಲ್ಲಿ ಅದು ತೊರೆಗಳಿಗೆ ಅಡ್ಡಗಟ್ಟಿದ್ದರಿಂದಲೇ ಸ್ನ್ಯಾಗ್ ಸರೋವರ ಹುಟ್ಟಿತು. ಬುಡದಲ್ಲಿ ಕೆಂಪು, ಕಿತ್ತಳೆ ಬಣ್ಣದ ದಿಬ್ಬಗಳೂ ಕಾಣುತ್ತವೆ. ಇನ್ನೂ ಬಿಸಿಯಾಗಿದ್ದ ಲಾವಾದ ಮೇಲೆ ಬೂದಿ ಬಿದ್ದು, ಅದರೊಳಗಿನ ಕಬ್ಬಿಣ ತುಕ್ಕಾಗಿ ಬಂದ ಬಣ್ಣ ಅದು.

ಈಗ ವಯಸ್ಸಿನ ಮಾತು. ಈ ಬೆಟ್ಟ 1850ರ ಆಸುಪಾಸಿನಲ್ಲಿ ಸಿಡಿಯಿತೆಂದು ಬಹಳ ಜನ ನಂಬಿದ್ದರು. ದೂರದಿಂದ ಬೆಂಕಿಯ ಬೆಳಕು ಕಂಡೆವೆಂದು ಹೇಳಿದವರೂ ಇದ್ದರು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೋಸೆಫ್ ಸಿಲಾಸ್ ಡಿಲ್ಲರ್ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಸ್ಥಳ ಪರೀಕ್ಷಿಸಿ ಆ ಕಥೆಯನ್ನು ಅಲ್ಲಗಳೆದರು. ಮರದ ಉಂಗುರಗಳ ಅಧ್ಯಯನದ ನಂತರ ಈಗ ಒಪ್ಪಿರುವ ವರ್ಷ ಸುಮಾರು 1666. ಹಾಗಾದರೆ ಬೆಟ್ಟ ಇಷ್ಟು ಹೊಸದಾಗಿ ಕಾಣುವುದೇಕೆ? ಮಳೆನೀರು, ಕರಗಿದ ಹಿಮ ಸಡಿಲ ಚೂರುಗಳ ನಡುವೆ ಇಂಗಿಹೋಗುತ್ತವೆ. ಮೇಲ್ಮೈಯಲ್ಲಿ ಹರಿದರೆ ತಾನೇ ಕೊರಕಲು ಬೀಳುವುದು! ಮೂರೂವರೆ ಶತಮಾನಗಳ ಮಳೆ ಮತ್ತು ಹಿಮ ಆ ಇಳಿಜಾರನ್ನು ಕೆಡಿಸಿಲ್ಲ.

ಮಳೆ ಮಾಡದ್ದನ್ನು ಮನುಷ್ಯನ ಕಾಲು ಮಾಡಬಲ್ಲದು. ಅರಿಜೋನಾದ ಸನ್‌ಸೆಟ್ ಕ್ರೇಟರ್ ಇದೇ ಜಾತಿಯ ಬೆಟ್ಟ, ಸುಮಾರು 1085ರಲ್ಲಿ ಸಿಡಿದದ್ದು. 1928ರಲ್ಲಿ ಚಲನಚಿತ್ರ ಕಂಪನಿಯೊಂದು ಚಿತ್ರೀಕರಣಕ್ಕಾಗಿ ಅದರ ಇಳಿಜಾರನ್ನು ಡೈನಮೈಟ್ ಇಟ್ಟು ಉರುಳಿಸಲು ಹೊರಟಿತ್ತು. ಜನರು ಪ್ರತಿಭಟಿಸಿದರು, 1930ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಡೈನಮೈಟ್‌ನಿಂದ ಉಳಿದ ಬೆಟ್ಟ ಅದನ್ನು ನೋಡಲು ಬಂದವರಿಂದ ಹಾಳಾಯಿತು. ಚಾರಣಿಗರು ತುಳಿದ ದಾರಿ ಆಳವಾದ ಗಾಯವಾಗಿ, 1973ರಲ್ಲಿ ಶಿಖರದ ದಾರಿಯನ್ನೇ ಮುಚ್ಚಬೇಕಾಯಿತು. ಇಂದಿಗೂ ಅದನ್ನು ಹತ್ತುವಂತಿಲ್ಲ. ಈ ಸಂಗತಿ ನನ್ನನ್ನು ಕಾಡುತ್ತದೆ. ಏಕೆಂದರೆ ಅಲ್ಲಿ ತುಳಿದವರಾರೂ ಬೆಟ್ಟದ ಶತ್ರುಗಳಲ್ಲ, ನಮ್ಮಂತೆಯೇ ಪ್ರೀತಿಯಿಂದ ಬಂದವರು.

ಸಿಂಡರ್ ಕೋನ್‌ನ ಶಿಖರಕ್ಕೆ ದಾರಿ ಇನ್ನೂ ತೆರೆದಿದೆ. ಹೋಗುವವರು ಗುರುತಿಸಿದ ದಾರಿಯಲ್ಲೇ ನಡೆಯಿರಿ. ಇಳಿಯುವಾಗ ಅಡ್ಡದಾರಿಯಲ್ಲಿ ಜಾರಿಕೊಂಡು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಸೋಲಬೇಡಿ. ಬಣ್ಣದ ದಿಬ್ಬಗಳ ಮೇಲಂತೂ ಕಾಲಿಡಲೇಬೇಡಿ, ಅಲ್ಲಿ ಮೂಡಿದ ಹೆಜ್ಜೆಗುರುತು ಬೇಗ ಅಳಿಸುವುದಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೊರಡಿ, ಬೋಳು ಇಳಿಜಾರಿನಲ್ಲಿ ನೆರಳು ಎಂಬುದೇ ಇಲ್ಲ, ಕಪ್ಪು ಚೂರುಗಳು ಬೇಗ ಕಾಯುತ್ತವೆ. ನೀರನ್ನು ಕೆಳಗಿನಿಂದಲೇ ಹೊತ್ತುಕೊಳ್ಳಿ. ಕಣಕಾಲು ಮುಚ್ಚುವ ಬೂಟು ಹಾಕಿ. ಹತ್ತುವಾಗ ಹೆಜ್ಜೆ ಚಿಕ್ಕದಿರಲಿ, ಬೂಟಿನ ಮುಂಗಾಲನ್ನು ಚೂರುಗಳೊಳಗೆ ಒತ್ತಿ ಊರಿ, ನೆಲ ಜಾರಿ ನಿಲ್ಲುವವರೆಗೆ ಒಂದು ಕ್ಷಣ ತಡೆದು ಮುಂದಿನ ಹೆಜ್ಜೆ ಎತ್ತಿ. ಅವಸರಪಟ್ಟವರಿಗಿಂತ ಹೀಗೆ ಹತ್ತಿದವರು ಕಡಿಮೆ ಜಾರುತ್ತಾರೆ, ಬೆಟ್ಟವನ್ನೂ ಕಡಿಮೆ ಜಾರಿಸುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.