ಪಂಚ್: ಭಾರತದ ಕರಾವಳಿಯಿಂದ ಹಡಗೇರಿದ ಬಟ್ಟಲು

(ದೃಶ್ಯ: ಕೋರಮಂಡಲ ಕರಾವಳಿಯ ಹಳೆಯ ನಕ್ಷೆ. ನಿಜಾಂಪಟ್ಟಣದ ಮೇಲೆ ಒಂದು ಚುಕ್ಕೆ.)

ನಮಸ್ಕಾರ. 1632ರ ಸೆಪ್ಟೆಂಬರ್ 28ರಂದು ಈಸ್ಟ್ ಇಂಡಿಯಾ ಕಂಪನಿಯ ನೌಕರ ರಾಬರ್ಟ್ ಆಡಮ್ಸ್, ಪೇಟಪೊಲಿಯಲ್ಲಿದ್ದ ಥಾಮಸ್ ಕಾಲಿ ಎಂಬ ವ್ಯಾಪಾರಿಗೆ ಒಂದು ಕಾಗದ ಬರೆದನು. ಪೇಟಪೊಲಿ ಎಂದರೆ ಇಂದಿನ ಆಂಧ್ರಪ್ರದೇಶದ ನಿಜಾಂಪಟ್ಟಣ. ಎಲ್ಲರೂ ಒಟ್ಟಾಗಿ ಚೆನ್ನಾಗಿರಿ ಎಂದು ಹಾರೈಸುವ ಸಾಲಿನಲ್ಲಿಯೇ ಅವನು ಪಂಚ್ ಕುಡಿಯುವ ಮಾತನ್ನೂ ಸೇರಿಸಿದ್ದಾನೆ. ಈ ಪಾನೀಯದ ಹೆಸರು ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ದಾಖಲೆಯೆಂದು ಹೇಳುವುದು ಈ ಕಾಗದವನ್ನೇ. ಆಡಮ್ಸ್ ಪಂಚ್ ಎಂದರೇನೆಂದು ವಿವರಿಸಲು ಹೋಗಿಲ್ಲ. ಓದುವವನಿಗೆ ಅದು ಮೊದಲೇ ಗೊತ್ತಿತ್ತು ಎಂದಾಯಿತು.

ಕಾಕ್‌ಟೇಲ್ ಇತಿಹಾಸವೆಂದರೆ ಸಾಮಾನ್ಯವಾಗಿ ಅಮೆರಿಕದ ಬಾರ್‌ಗಳಿಂದಲೇ ಶುರುವಾಗುತ್ತದೆ. ಆದರೆ ಮದ್ಯದ ಕಟುತ್ವವನ್ನು ಹುಳಿ, ಸಿಹಿ, ನೀರು ಮತ್ತು ಸಂಬಾರಗಳಿಂದ ಹದಗೊಳಿಸುವ ಲೆಕ್ಕಾಚಾರ ಅದಕ್ಕಿಂತ ಬಹಳ ಹಿಂದೆಯೇ ಭಾರತದ ಬಂದರುಗಳಲ್ಲಿ ರೂಢಿಯಲ್ಲಿತ್ತು. ಹಾಗೆ ದೊಡ್ಡ ಬಟ್ಟಲಿನಲ್ಲಿ ಬೆರೆಸಿದ ಪಾನೀಯವೇ ಪಂಚ್. ಆ ಬಟ್ಟಲು ಇಲ್ಲಿಂದ ಲಂಡನ್ನಿಗೆ, ಕೆರಿಬಿಯನ್ ದ್ವೀಪಗಳಿಗೆ, ಕೊನೆಗೆ ಸ್ವೀಡನ್ನಿಗೆ ಹೋದ ದಾರಿಯನ್ನು ಇಂದು ನೋಡೋಣ.

(ದೃಶ್ಯ: ತೆಂಗಿನ ಮರದ ತುದಿ. ಹೊಂಬಾಳೆಗೆ ಕಟ್ಟಿದ ಮಡಕೆ.)

ತಂಪು ದೇಶದ ಬಿಯರ್ ಮತ್ತು ವೈನ್, ತಿಂಗಳುಗಟ್ಟಲೆ ನಡೆಯುವ ಸಮುದ್ರಯಾನದಲ್ಲಿ, ಅದರಲ್ಲಿಯೂ ಉಷ್ಣವಲಯದ ಸೆಕೆಯಲ್ಲಿ, ಸುಲಭವಾಗಿ ಕೆಡುತ್ತಿದ್ದವು. ಇಲ್ಲಿಗೆ ಬಂದಿಳಿದ ನಾವಿಕರಿಗೂ ಗುಮಾಸ್ತರಿಗೂ ಕೈಗೆ ಸಿಕ್ಕುತ್ತಿದ್ದುದು ಅರಾಕ್. ಬೆವರು ಎಂಬ ಅರ್ಥದ ಅರಬ್ಬಿ ಪದದಿಂದ ಈ ಹೆಸರು ಬಂದಿದೆ. ಭಟ್ಟಿಯ ಕೊಳವೆಯ ತುದಿಯಲ್ಲಿ ಹನಿಹನಿಯಾಗಿ ಕೂಡುವ ದ್ರವವನ್ನು ನೋಡಿದವರಿಗೆ ಆ ಹೋಲಿಕೆ ಕೂಡಲೇ ಹೊಳೆಯುತ್ತದೆ.

ಅರಾಕ್ ಒಂದೇ ಬಗೆಯದಲ್ಲ. ಗೋವಾ ಮತ್ತು ಸಿಂಹಳದ ಅರಾಕ್ ತಾಳೆ ಜಾತಿಯ ಮರಗಳ ಕಳ್ಳಿನಿಂದ ಆಗುತ್ತಿತ್ತು. ಬಟೇವಿಯಾ, ಅಂದರೆ ಇಂದಿನ ಜಕಾರ್ತಾದ ಅರಾಕ್ ಕಬ್ಬಿನ ಕಾಕಂಬಿಯಿಂದ, ಹುದುಗಿಸಿದ ಅಕ್ಕಿಯನ್ನು ಸೇರಿಸಿ ತಯಾರಾಗುತ್ತಿತ್ತು. ನಮ್ಮ ಕರಾವಳಿಯವರಿಗೆ ಕಳ್ಳಿನ ಕೆಲಸ ಹೊಸದಲ್ಲ. ಹೊಂಬಾಳೆಯ ತುದಿಯನ್ನು ಕೊಯ್ದು ಮಡಕೆ ಕಟ್ಟಿದರೆ ಇಳಿಯುವ ಸಿಹಿರಸ, ಗಾಳಿಯಲ್ಲಿರುವ ಯೀಸ್ಟ್‌ನಿಂದ ಕೆಲವೇ ಗಂಟೆಗಳಲ್ಲಿ ತಾನೇ ಹುದುಗುತ್ತದೆ, ಇನ್ನಷ್ಟು ಹೊತ್ತು ಇಟ್ಟರೆ ಹುಳಿಯಾಗಿ ಕೆಡುತ್ತದೆ. ಅದನ್ನು ಕಾಯಿಸಿದಾಗ, ನೀರು ಕುದಿಯುವ 100 ಡಿಗ್ರಿಗಿಂತ ಬಹಳ ಮೊದಲೇ, ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಆಲ್ಕೋಹಾಲ್ ಆವಿಯಲ್ಲಿ ಹೆಚ್ಚಾಗಿ ಸೇರುತ್ತದೆ. ಆ ಆವಿಯನ್ನು ತಣ್ಣಗಾಗಿಸಿ ಹಿಡಿದುಕೊಳ್ಳುವುದೇ ಭಟ್ಟಿ ಇಳಿಸುವ ಕೆಲಸ. ಹಾಗೆ ಇಳಿಸಿದ ಮದ್ಯ ಹಡಗಿನಲ್ಲಿ ಎಷ್ಟು ಕಾಲ ಇದ್ದರೂ ಕೆಡುವುದಿಲ್ಲ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷೇಧವಾದ ಸಾರಾಯಿ ಎಷ್ಟೋ ಮನೆಗಳನ್ನು ಹಾಳುಮಾಡಿದ ಪೊಟ್ಟಣದ ಮದ್ಯವಾಗಿತ್ತು. ಸರಕಾರಿ ಇಂಗ್ಲಿಷಿನಲ್ಲಿ ಅದನ್ನೂ ಅರಾಕ್ ಎಂದೇ ಕರೆಯುತ್ತಿದ್ದರು. ಹೆಸರು ಒಂದೇ ಆದರೂ, 17ನೆಯ ಶತಮಾನದ ಗೋವಾ ಅರಾಕ್ ಮತ್ತು ಈ ಸಾರಾಯಿ ಒಂದೇ ವಸ್ತುವೆಂದು ತಿಳಿಯಬಾರದು.

(ದೃಶ್ಯ: ಸೂರತ್ ಬಂದರಿನ ಹಳೆಯ ಕೆತ್ತನೆ ಚಿತ್ರ.)

1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋ, ಅಲ್ಲಿನ ಇಂಗ್ಲಿಷರು ಕುಡಿಯುವ ಒಂದು ಪಾನೀಯವನ್ನು ‘ಪಾಲೆಪುಂಟ್ಸ್’ ಎಂದು ಬರೆದುಕೊಂಡನು. ಮದ್ಯ, ಗುಲಾಬಿ ನೀರು, ನಿಂಬೆ ಜಾತಿಯ ಹಣ್ಣಿನ ರಸ, ಸಕ್ಕರೆ ಅದರಲ್ಲಿರುತ್ತಿದ್ದವು. ಔರಂಗಜೇಬನ ಕಾಲದಲ್ಲಿ ಇಲ್ಲಿದ್ದ ಫ್ರೆಂಚ್ ವೈದ್ಯ ಬೆರ್ನಿಯೆ ಬಂಗಾಳದ ವಿಷಯ ಬರೆಯುವಾಗ ಅದನ್ನೇ ‘ಬೂಲ್‌ಪೋಂಜ್’ ಎಂದು ಕರೆದನು. ಇಂಗ್ಲಿಷಿನ ‘ಬೌಲ್’ ಮತ್ತು ‘ಪಂಚ್’ ಎಂಬ ಪದಗಳನ್ನು ಇಬ್ಬರೂ ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಕಾಕಂಬಿಯ ಅರಾಕ್, ನಿಂಬೆರಸ, ನೀರು, ಸ್ವಲ್ಪ ಜಾಯಿಕಾಯಿ ಸೇರಿದ ಈ ಪಾನೀಯ ನಾಲಿಗೆಗೆ ಹಿತವಾದರೂ ದೇಹಕ್ಕೆ ಬಹಳ ಕೇಡು ಎಂಬುದು ವೈದ್ಯನಾಗಿ ಬೆರ್ನಿಯೆ ಕೊಟ್ಟ ತೀರ್ಪು. ಡಚ್ಚರೂ ಇಂಗ್ಲಿಷರೂ ತಮ್ಮ ಜನರ ಕುಡಿತಕ್ಕೆ ಕಡಿವಾಣ ಹಾಕಿದ ಮೇಲೆ ಅಲ್ಲಿ ಸಾವುಗಳು ಕಡಿಮೆಯಾದವು ಎಂದೂ ಅವನು ಬರೆದಿದ್ದಾನೆ. ಪಂಚ್‌ನ ಸೊಗಸನ್ನು ಹೇಳುವಾಗ ಈ ಮಾತನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಹೆಸರಿನ ವಿಷಯ. 1673ರಲ್ಲಿ ಭಾರತಕ್ಕೆ ಬಂದ ಕಂಪನಿಯ ವೈದ್ಯ ಜಾನ್ ಫ್ರೈಯರ್, ನಮ್ಮ ಕಾರವಾರ, ಗೋಕರ್ಣಗಳನ್ನೂ ಸುತ್ತಿದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ, ಗೋವಾದ ನೆರೂಲ್‌ನಲ್ಲಿ ಅತ್ಯುತ್ತಮ ಅರಾಕ್ ಆಗುತ್ತದೆಂದೂ, ಈ ತೀರದ ಇಂಗ್ಲಿಷರು ಅದರಿಂದ ಪಂಚ್ ಮಾಡುತ್ತಾರೆಂದೂ, ಐದು ವಸ್ತುಗಳು ಸೇರುವುದರಿಂದ ಹಿಂದುಸ್ತಾನಿಯ ‘ಪಾಂಚ್’ ಪದವೇ ಅದರ ಹೆಸರಾಯಿತೆಂದೂ ಇದೆ. ಪಂಚಾಮೃತ, ಪಂಚಕಜ್ಜಾಯಗಳನ್ನು ತಿಂದು ಬೆಳೆದ ನಮಗೆ ಈ ವಿವರಣೆ ಕೇಳಿದೊಡನೆ ಒಪ್ಪಿಗೆಯಾಗುತ್ತದೆ. ಆದರೆ ನಿಘಂಟುಕಾರರು ಇದನ್ನು ಪೂರ್ತಿ ಒಪ್ಪಿಲ್ಲ. ಮಾಂಡೆಲ್ಸ್ಲೋ ಮತ್ತು ಬೆರ್ನಿಯೆ ಕೊಟ್ಟ ವಿವರಗಳಲ್ಲಿ ಇರುವುದು ನಾಲ್ಕೇ ವಸ್ತುಗಳು. ಅವರು ಬರೆದುಕೊಂಡ ರೂಪಗಳಲ್ಲಿ ಕೇಳಿಸುವ ಸ್ವರವೂ ‘ಪುಂಟ್ಸ್’, ‘ಪೋಂಜ್’ ಎಂದಿದೆಯೇ ಹೊರತು ‘ಪಂಚ್’ ಎಂದಿಲ್ಲ. ದೊಡ್ಡ ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ‘ಪಂಚನ್’ ಎಂಬ ಹೆಸರೇ ಮೊಟಕಾಗಿರಬಹುದೆಂದು ಕೆಲವರು ವಾದಿಸುತ್ತಾರೆ. ನನ್ನ ಮಟ್ಟಿಗೆ, ಹೆಸರಿಗಿಂತ ಬಟ್ಟಲಿನೊಳಗೆ ಇದ್ದ ಅರಾಕ್, ನಿಂಬೆ, ಸಕ್ಕರೆಗಳೇ ಈ ಪಾನೀಯದ ಊರನ್ನು ಹೆಚ್ಚು ಖಚಿತವಾಗಿ ಹೇಳುತ್ತವೆ.

(ದೃಶ್ಯ: ಚೀನಾ ಪಿಂಗಾಣಿಯ ದೊಡ್ಡ ಬಟ್ಟಲು, ಬೆಳ್ಳಿಯ ಸೌಟು.)

ಈ ಬಟ್ಟಲು ಲಂಡನ್ನಿಗೆ ಹೋದಾಗ ಅದರ ಸ್ಥಾನಮಾನವೇ ಬದಲಾಯಿತು. ಸೂರತ್ತಿನ ಸಂತೆಯಲ್ಲಿ ನಿಂಬೆ, ಸಕ್ಕರೆ, ಅರಾಕ್ ಎಲ್ಲವೂ ಕೈಗೆಟಕುವ ಬೆಲೆಯವು. ಲಂಡನ್ನಿನಲ್ಲಿ ನೀರೊಂದನ್ನು ಬಿಟ್ಟು ಉಳಿದುದೆಲ್ಲ ಹಡಗಿನಲ್ಲಿಯೇ ಬರಬೇಕಿತ್ತು: ಅರಾಕ್ ಗೋವಾ ಅಥವಾ ಬಟೇವಿಯಾದಿಂದ, ಸಕ್ಕರೆ ಕೆರಿಬಿಯನ್ನಿನಿಂದ, ನಿಂಬೆ ದಕ್ಷಿಣ ಯುರೋಪಿನಿಂದ, ಜಾಯಿಕಾಯಿ ಬಾಂಡಾ ದ್ವೀಪಗಳಿಂದ, ಬಟ್ಟಲು ಕೂಡ ಎಷ್ಟೋ ಸಲ ಚೀನಾದಿಂದ. ಬಂದರಿನ ಬಡ ನಾವಿಕನ ಪಾನೀಯ ಅಲ್ಲಿ ಸಿರಿವಂತಿಕೆಯ ಗುರುತಾಯಿತು. ಹೊಗಾರ್ತ್ ಎಂಬ ಕಲಾವಿದ 1730ರ ದಶಕದಲ್ಲಿ ಪಂಚ್ ಬಟ್ಟಲಿನ ಸುತ್ತ ನಡುರಾತ್ರಿ ಮೈಮರೆತ ಗಂಡಸರ ಚಿತ್ರ ಬರೆದನು. ಅದೇ ಕಾಲದಲ್ಲಿ, 1731ರಲ್ಲಿ, ಜೇಮ್ಸ್ ಆಶ್ಲಿ ಲಂಡನ್ನಿನ ಲಡ್ಗೇಟ್ ಹಿಲ್‌ನಲ್ಲಿ ಪಂಚ್ ಮನೆಯೊಂದನ್ನು ತೆರೆದು, ದೊಡ್ಡ ಬಟ್ಟಲಿನ ಜೊತೆಗೆ ಸಣ್ಣ ಅಳತೆಗಳಲ್ಲಿಯೂ ಮಾರತೊಡಗಿದನು. ಒಬ್ಬರಿಗೆ ಒಂದು ಲೋಟ ಎಂಬ ಪದ್ಧತಿಯತ್ತ ಅದು ಒಂದು ಮುಖ್ಯ ಹೆಜ್ಜೆ.

ಒಳ್ಳೆಯ ಪಂಚ್ ಮಾಡುವವರು ಮೊದಲು ಕೈಹಾಕುತ್ತಿದ್ದುದು ಮದ್ಯಕ್ಕಲ್ಲ, ನಿಂಬೆಯ ಸಿಪ್ಪೆಗೆ. ಸಕ್ಕರೆ ಅಚ್ಚನ್ನು ಸಿಪ್ಪೆಯ ಮೇಲೆ ಉಜ್ಜಿದರೆ ಅದರಲ್ಲಿರುವ ಸುವಾಸನೆಯ ಎಣ್ಣೆ ಹೊರಬಂದು ಸಕ್ಕರೆಗೆ ಹಿಡಿಯುತ್ತದೆ. ಆಮೇಲೆ ರಸ ಹಿಂಡಿ ಸಕ್ಕರೆ ಕರಗಿಸಿ, ಮದ್ಯ ಮತ್ತು ನೀರು ಬೆರೆಸಿ, ಮೇಲೆ ಜಾಯಿಕಾಯಿ ತುರಿಯುತ್ತಿದ್ದರು. ಇದಕ್ಕಿಂತ ಕುತೂಹಲದ್ದು ಹಾಲಿನ ಪಂಚ್. ಬಿಸಿ ಹಾಲನ್ನು ಹುಳಿ ಪಂಚ್‌ಗೆ ಸೇರಿಸಿದರೆ ಹಾಲು ಒಡೆಯುತ್ತದೆ. ಮನೆಯಲ್ಲಿ ನಿಂಬೆರಸ ಹಿಂಡಿ ಪನೀರ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಗಟ್ಟಿಯಾದ ಹಾಲಿನ ಪ್ರೋಟೀನು ಮದ್ಯದ ಒಗರನ್ನೂ ಬಣ್ಣದ ಒಂದು ಪಾಲನ್ನೂ ತನ್ನೊಡನೆ ಹಿಡಿದುಕೊಳ್ಳುವುದರಿಂದ, ತೆಳುಬಟ್ಟೆಯಲ್ಲಿ ನಿಧಾನವಾಗಿ ಸೋಸಿದಾಗ ಕೆಳಗೆ ಇಳಿಯುವುದು ತಿಳಿಯಾದ, ತಿಂಗಳುಗಟ್ಟಲೆ ಕೆಡದ ಪಾನೀಯ. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಇದನ್ನು ಮಾಡುವ ವಿಧಾನವನ್ನು ಗೆಳೆಯ ಜೇಮ್ಸ್ ಬೌಡನ್‌ಗೆ ಬರೆದು ಕಳುಹಿಸಿದ್ದನು.

(ದೃಶ್ಯ: ಕಬ್ಬಿನ ಗದ್ದೆ, ರಮ್ ಪೀಪಾಯಿಗಳು.)

ಕೆರಿಬಿಯನ್ನಿನಲ್ಲಿ ಅರಾಕ್‌ನ ಜಾಗಕ್ಕೆ ರಮ್ ಬಂದಿತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಬೆಳೆದ ಕಬ್ಬಿನ ಕಾಕಂಬಿಯೇ ಅದರ ಮೂಲ. ಬಾರ್ಬಡೋಸ್‌ನಲ್ಲಿ ಇಂದಿಗೂ ಹೇಳುವ ಪಂಚ್ ಲೆಕ್ಕ ಹೀಗಿದೆ: ಹುಳಿ ಒಂದು ಪಾಲು, ಸಿಹಿ ಎರಡು, ಮದ್ಯ ಮೂರು, ನೀರು ನಾಲ್ಕು.

‘ಕಾಕ್‌ಟೇಲ್’ ಪದಕ್ಕೆ ಅಚ್ಚಿನಲ್ಲಿ ಮೊದಲ ಸ್ಪಷ್ಟ ವಿವರಣೆ ಸಿಕ್ಕಿದ್ದು 1806ರ ಮೇ 13ರಂದು, ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯಲ್ಲಿ. ಯಾವುದಾದರೂ ಮದ್ಯ, ಸಕ್ಕರೆ, ನೀರು ಮತ್ತು ಕಹಿ ದ್ರಾವಣ ಅದರಲ್ಲಿರುತ್ತವೆ ಎಂದು ಅಲ್ಲಿ ಹೇಳಿದೆ. ಹುಳಿಯ ಮಾತೇ ಇಲ್ಲ. ಆದ್ದರಿಂದ ಆ ಕಟ್ಟುನಿಟ್ಟಾದ ಅರ್ಥದಲ್ಲಿ ಕಾಕ್‌ಟೇಲ್ ಪಂಚ್‌ನ ನೇರ ಸಂತಾನವಲ್ಲ. ಆದರೆ 1862ರಲ್ಲಿ ಜೆರ್ರಿ ಥಾಮಸ್ ಪ್ರಕಟಿಸಿದ, ಅಮೆರಿಕದ ಮೊದಲ ಬಾರ್ ಕೈಪಿಡಿಯೆನಿಸಿದ ಪುಸ್ತಕವು ಪಂಚ್‌ಗಳಿಂದಲೇ ಆರಂಭವಾಗುತ್ತದೆ. ಇಂದು ‘ಸೋರ್’, ಅಂದರೆ ಹುಳಿ, ಎಂದು ಕರೆಯುವ ಪಾನೀಯಗಳ ಇಡೀ ಬಳಗ, ಅದರಲ್ಲಿಯೂ 19ನೆಯ ಶತಮಾನದ ಕೊನೆಗೆ ಕ್ಯೂಬಾದ ಸಾಂಟಿಯಾಗೊ ಬಳಿಯ ಗಣಿಗಳ ಕಡೆಯಿಂದ ಹೆಸರು ಪಡೆದ ಡೈಕಿರಿ, ಬಟ್ಟಲಿನಿಂದ ಒಂದು ಲೋಟಕ್ಕೆ ಇಳಿದ ಪಂಚ್ ಎಂದೇ ಹೇಳಬೇಕು. ಅದರಲ್ಲಿರುವುದು ರಮ್, ನಿಂಬೆ ಮತ್ತು ಸಕ್ಕರೆ. ನೀರಿನ ಕೆಲಸವನ್ನು ಮಂಜುಗಡ್ಡೆ ಕರಗಿ ಮಾಡುತ್ತದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು 1833ರಲ್ಲಿ ಕಲ್ಕತ್ತಾದವರೆಗೂ ಹಡಗಿನಲ್ಲಿ ತಲುಪಿಸಿದ್ದನು.

(ದೃಶ್ಯ: ಸ್ವೀಡನ್ನಿನ ಅಡುಗೆಮನೆ. ಒಲೆಯ ಮೇಲೆ ಸಣ್ಣ ಪಾತ್ರೆ.)

ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ಹೊತ್ತಿಗೆ ಪಂಚ್ ಬಟ್ಟಲು ಹಿಂದೆ ಸರಿಯಿತು, ಅರಾಕ್ ಬಹುತೇಕ ಮರೆತುಹೋಯಿತು. ಸ್ವೀಡನ್ನಿನಲ್ಲಿ ಮಾತ್ರ ಹಾಗಾಗಲಿಲ್ಲ. 1731ರಲ್ಲಿ ಸ್ಥಾಪನೆಯಾದ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಯೋಟೆಬೊರಿ ಬಂದರಿಗೆ ಚಹಾ ಮತ್ತು ಪಿಂಗಾಣಿಯ ಜೊತೆಗೆ ಬಟೇವಿಯಾ ಅರಾಕನ್ನೂ ತಂದವು. ಮನೆಯಲ್ಲಿ ಬೆರೆಸಿ ಕುಡಿಯುತ್ತಿದ್ದುದನ್ನು 1840ರ ದಶಕದಲ್ಲಿ ಬಾಟಲಿಗೆ ತುಂಬಿ ಮಾರಲು ಶುರುಮಾಡಿದರು, ಅದಕ್ಕೆ ‘ಪುನ್ಶ್’ ಎಂಬ ಹೆಸರು ನಿಂತಿತು. ಮಾಂಡೆಲ್ಸ್ಲೋ ಸೂರತ್ತಿನಲ್ಲಿ ಕೇಳಿದ ಆ ಉಕಾರ ಇದರಲ್ಲಿ ಇಂದಿಗೂ ಇದೆ. ಗುರುವಾರಗಳಂದು ಹಳದಿ ಬಟಾಣಿಯ ಗಟ್ಟಿ ಸೂಪಿನೊಂದಿಗೆ ಪುನ್ಶ್ ಅನ್ನು ಬೆಚ್ಚಗೆ ಮಾಡಿ, ಸಣ್ಣ ಬಟ್ಟಲುಗಳಲ್ಲಿ ಬಡಿಸುವ ವಾಡಿಕೆ ಅಲ್ಲಿ ಇನ್ನೂ ಉಳಿದಿದೆ.

(ಪರದೆಯ ಮೇಲೆ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ.)