ಆಸರೆ ಕೇಳುವ ಹಡಗಿಗೆ ಬಂದರು ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ಮೇ ತಿಂಗಳು. ಎಕ್ಸ್-ಪ್ರೆಸ್ ಪರ್ಲ್ ಎಂಬ ಕಂಟೇನರ್ ಹಡಗು ಗಲ್ಫ್ ಕಡೆಯಿಂದ ಗುಜರಾತಿನ ಹಜೀರಾಕ್ಕೆ ಬಂದು, ಅಲ್ಲಿಂದ ಕೊಲಂಬೊಗೆ ಹೊರಟಿತ್ತು. ಕೆಲಸಕ್ಕಿಳಿದು ಕೆಲವೇ ತಿಂಗಳಾಗಿದ್ದ ಹೊಸ ಹಡಗು. ಅದರಲ್ಲಿದ್ದ ಒಂದು ಕಂಟೇನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಅದನ್ನು ಇಳಿಸಿಕೊಳ್ಳಿ ಎಂದು ಕತಾರಿನ ಹಮದ್ ಬಂದರನ್ನೂ ಕೇಳಿದರು, ಹಜೀರಾವನ್ನೂ ಕೇಳಿದರು. ಬೇಕಾದ ಸೌಲಭ್ಯವೂ ಪರಿಣತರೂ ಇಲ್ಲವೆಂದು ಎರಡೂ ಕಡೆ ಒಪ್ಪಲಿಲ್ಲ. ಸೋರುವ ಸರಕನ್ನು ಹೊತ್ತುಕೊಂಡೇ ಹಡಗು ಕೊಲಂಬೊ ಮುಟ್ಟಿತು. ಮೇ 20ರಂದು ಬೆಂಕಿ ಕಾಣಿಸಿಕೊಂಡಿತು, ಜೂನ್‌ನಲ್ಲಿ ಹಡಗು ಮುಳುಗಿತು.

ಆಮೇಲೆ ಶ್ರೀಲಂಕಾದ ಪಶ್ಚಿಮ ಕರಾವಳಿಗೆ ಬಂದು ಬಿದ್ದದ್ದು ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು. ಹಡಗಿನಲ್ಲಿದ್ದದ್ದು ಅಂದಾಜು 1,680 ಟನ್. ಮೈತುಂಬ ರಕ್ಷಾ ಉಡುಪು ತೊಟ್ಟವರು ದಡದಲ್ಲಿ ಕೂತು ಮರಳನ್ನು ಜರಡಿ ಹಿಡಿದರು. ಒಂದು ಅಲೆ ತಂದದ್ದನ್ನು ತೆಗೆದು ಮುಗಿಸುವ ಮೊದಲೇ ಇನ್ನೊಂದು ಅಲೆ ಮತ್ತಷ್ಟು ತರುತ್ತಿತ್ತು. ಸತ್ತ ಆಮೆಗಳು ದಡ ಸೇರಿದವು. ಮೀನುಗಾರಿಕೆಗೆ ನಿಷೇಧ ಬಿತ್ತು. ಆ ಹಡಗಿನ ಹೆಸರನ್ನೇ ಕೇಳಿರದಿದ್ದ ಮೀನುಗಾರರ ಮನೆಗಳಲ್ಲಿ ಸಂಪಾದನೆ ನಿಂತಿತು. 2025ರ ಜುಲೈಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನೂರು ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

ಬಂದರಿನವರ ಭಯ ನನಗೆ ಅರ್ಥವಾಗುತ್ತದೆ. ಅಪಾಯದ ಹಡಗನ್ನು ಒಳಗೆ ಬಿಟ್ಟುಕೊಂಡು ಏನಾದರೂ ಆದರೆ ಹೊಣೆ ಯಾರದು? ಬೇಡ ಅಂದವರನ್ನು ಯಾರೂ ಕೇಳುವುದಿಲ್ಲ, ಬಾ ಅಂದವರು ಮಾತ್ರ ಉತ್ತರ ಕೊಡಬೇಕಾಗುತ್ತದೆ. ಕಡಲ ಸುರಕ್ಷತೆಯ ನಿಯಂತ್ರಕರು ಮೊದಲು ಸರಿಪಡಿಸಬೇಕಾದದ್ದು ಇದನ್ನೇ ಎಂದು ನಾನು ನಂಬಿದ್ದೇನೆ.

2002ರ ನವೆಂಬರ್‌ನಲ್ಲಿ 77,000 ಟನ್ ಭಾರೀ ಇಂಧನ ತೈಲ ಹೊತ್ತ ಪ್ರೆಸ್ಟೀಜ್ ಹಡಗು ಸ್ಪೇನಿನ ಗಲೀಸಿಯಾದ ಬಳಿ ಬಿರುಗಾಳಿಗೆ ಸಿಕ್ಕಿ ಒಡಲು ಬಿರಿಯಿತು. ಸ್ಪೇನ್ ಅದನ್ನು ದೂರ ಅಟ್ಟಿತು, ಪೋರ್ಚುಗಲ್ ಕೂಡ ಹತ್ತಿರ ಸೇರಿಸಲಿಲ್ಲ. ಆರು ದಿನ ಅಲೆಗಳ ಹೊಡೆತ ತಿಂದ ಹಡಗು ಎರಡಾಗಿ ಮುರಿಯಿತು. ತೈಲ ಸ್ಪೇನಿಗೂ ಬಂತು, ಫ್ರಾನ್ಸಿಗೂ ಹೋಯಿತು. ಮರುವರ್ಷ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು ಸಂಕಟದಲ್ಲಿರುವ ಹಡಗಿಗೆ ಆಸರೆಯ ತಾಣ ಕೊಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. ಪಾಲಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ಬ್ರಿಟನ್ ಬೇರೆ ದಾರಿ ಹಿಡಿದಿತ್ತು. 1996ರ ಸೀ ಎಂಪ್ರೆಸ್ ತೈಲ ದುರಂತದ ನಂತರ, ಇಂಥ ಹೊತ್ತಿನಲ್ಲಿ ಕೊನೆಯ ಮಾತು ಒಬ್ಬನೇ ಅಧಿಕಾರಿಯದು ಎಂದು ಗೊತ್ತುಮಾಡಿತು. ಕಾರ್ಯಾಚರಣೆಯ ನಡುವೆ ಮಂತ್ರಿಗಳೂ ಕೈ ಹಾಕುವಂತಿಲ್ಲ. 2007ರ ಜನವರಿಯಲ್ಲಿ ಎಂಎಸ್‌ಸಿ ನೇಪೋಲಿ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಬಿರುಕುಬಿಟ್ಟಿತು. 26 ನಾವಿಕರನ್ನೂ ಪಾರುಮಾಡಿದರು. ಹಡಗು ಬಂದರಿನವರೆಗೆ ತಾಳದು ಅನ್ನಿಸಿದಾಗ, ಅಧಿಕಾರಿಯ ಆದೇಶದಂತೆ ಅದನ್ನು ಬ್ರಾನ್ಸ್‌ಕೂಂಬ್ ಎಂಬ ಹಳ್ಳಿಯೆದುರಿನ ಕೊಲ್ಲಿಯಲ್ಲಿ, ಆಳ ಕಡಿಮೆಯಿದ್ದ ಕಡೆ, ಬೇಕೆಂದೇ ನೆಲಕ್ಕೆ ಕೂರಿಸಿದರು. ಒಂದಿಷ್ಟು ಎಣ್ಣೆ ಚೆಲ್ಲಿತು, ಕಂಟೇನರುಗಳು ದಡಕ್ಕೆ ಬಂದವು, ಊರಿಗೆ ತೊಂದರೆಯಾದದ್ದು ಹೌದು. ಆದರೆ ಟ್ಯಾಂಕುಗಳಲ್ಲಿದ್ದ ಎಣ್ಣೆಯ ಬಹುಪಾಲನ್ನು ಪಂಪ್ ಮಾಡಿ ಹೊರತೆಗೆಯಲು ಸಾಧ್ಯವಾಯಿತು.

ಹಡಗು ಕೈಗೆ ಸಿಕ್ಕಿದ್ದರಿಂದ ಇನ್ನೊಂದು ಸತ್ಯವೂ ಹೊರಬಿತ್ತು. ಮೇಲ್ಮಾಳಿಗೆಯ ಕಂಟೇನರುಗಳನ್ನು ತೂಗಿ ನೋಡಿದರೆ, ಸುಮಾರು ಐದರಲ್ಲಿ ಒಂದರ ತೂಕಕ್ಕೂ ಕಾಗದದಲ್ಲಿ ಬರೆದ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ವ್ಯತ್ಯಾಸ! ಮುಂದೆ, 2016ರ ಜುಲೈ 1ರಿಂದ, ತೂಕ ಖಚಿತಪಡಿಸದ ಕಂಟೇನರನ್ನು ಹಡಗಿಗೆ ಏರಿಸಕೂಡದು ಎಂಬ ನಿಯಮ ಜಗತ್ತಿಗೆಲ್ಲ ಜಾರಿಯಾದಾಗ, ಅಂಥ ನಿಯಮ ಬೇಕೆಂಬ ವಾದಕ್ಕೆ ಬಲ ಕೊಟ್ಟ ಘಟನೆಗಳಲ್ಲಿ ನೇಪೋಲಿಯೂ ಒಂದು.

ಇದು ನಮ್ಮ ಬಾಗಿಲಿಗೂ ಬಂದ ಸಂಗತಿ. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು, ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ದಡಕ್ಕೂ ಬಂದವು. ಜೂನ್ 9ರಂದು ಕಣ್ಣೂರಿನಾಚೆ ವಾನ್ ಹೈ 503 ಹೊತ್ತಿಕೊಂಡಿತು. 22 ಮಂದಿಯಲ್ಲಿ 18 ಜನರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ತಂದಿತು. ಗಾಯಾಳುಗಳಿಗೆ ಚಿಕಿತ್ಸೆಯಾದದ್ದು ನಮ್ಮ ಆಸ್ಪತ್ರೆಯಲ್ಲಿ. ನಾಲ್ವರು ಕಾಣೆಯಾದರು. ಧಗಧಗ ಉರಿಯುತ್ತಿದ್ದ ಹಡಗನ್ನು ದಡದಿಂದ ದೂರ ಎಳೆದದ್ದು ಸರಿಯಾದ ಕೆಲಸವೇ. ಪ್ರತಿ ಹಡಗಿಗೂ ಬಾಗಿಲು ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ತೆರೆಯಬೇಕೋ ಬೇಡವೋ ಎಂದು ಬಲ್ಲವರು ಬೇಗ ತೀರ್ಮಾನಿಸಲಿ ಅನ್ನುತ್ತಿದ್ದೇನೆ.

ನಮ್ಮಲ್ಲಿ ಹಡಗು ಸಾರಿಗೆಯ ಆಡಳಿತ ಮುಂಬೈಯಲ್ಲಿ, ಎಣ್ಣೆ ಚೆಲ್ಲಿದರೆ ಕೋಸ್ಟ್ ಗಾರ್ಡ್, ದೊಡ್ಡ ಬಂದರು ಕೇಂದ್ರದ ಕೈಯಲ್ಲಿ, ಸಣ್ಣ ಬಂದರುಗಳು ರಾಜ್ಯದ ಮಾರಿಟೈಮ್ ಬೋರ್ಡಿನ ಕೈಯಲ್ಲಿ. ಕ್ಯಾಪ್ಟನ್ ನಡುರಾತ್ರಿ ಕರೆ ಮಾಡಿದರೆ ಇವರಲ್ಲಿ ಹೌದು ಅನ್ನಬೇಕಾದವರು ಯಾರು? 1958ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ವಾಣಿಜ್ಯ ನೌಕಾ ಕಾಯ್ದೆಯನ್ನು ತಂದಿದೆ. ಅದರಡಿ ನಿಯಮ ಬರೆಯುವವರು ಆ ಒಬ್ಬ ಅಧಿಕಾರಿಯನ್ನು ಹೆಸರಿಸಲಿ. ಪಶ್ಚಿಮ ಕರಾವಳಿಯಲ್ಲಿ ಆಸರೆಗೆ ತಕ್ಕ ಜಾಗಗಳನ್ನು ಮಳೆಗಾಲಕ್ಕೆ ಮುಂಚೆಯೇ ಗುರುತಿಸಲಿ. ಅಲ್ಲಿಗೆ ಬೇಕಾದ, ಹಡಗು ಎಳೆಯುವ ಟಗ್ಗು, ಸೋರುವ ಆಮ್ಲವನ್ನು ನಿಭಾಯಿಸಬಲ್ಲ ತಂಡ ಸಿದ್ಧವಿರಲಿ. ಬಾ ಎಂದ ಬಂದರಿಗೆ ನಷ್ಟವಾದರೆ ಹಡಗಿನ ವಿಮೆಯಿಂದ ತಡವಿಲ್ಲದೆ ಹಣ ಬರುವಂತಾಗಲಿ. ಜಾಗ ಗುರುತಿಸುವ ಸಭೆಗೆ ಮಲ್ಪೆಯಿಂದ, ಮಂಗಳೂರಿನ ಧಕ್ಕೆಯಿಂದ ಮೀನುಗಾರರನ್ನೂ ಕರೆಯಲಿ. ಯಾವ ತಿಂಗಳಲ್ಲಿ ನೀರಿನ ಸೆಳೆತ ಯಾವ ಕಡೆಗೆ, ಬಂಡೆ ಎಲ್ಲಿದೆ, ಮೀನು ಮರಿ ಮಾಡುವುದು ಎಲ್ಲಿ ಎಂದು ಅವರಿಗೆ ಗೊತ್ತು.

ನಮಸ್ಕಾರ.