ಶೇಂಗಾ, ಎಳ್ಳು ಆಗಿಬರದ ಮಗಳ ಜೋಡಿ ಹುಬ್ಬಳ್ಳಿಯಿಂದ ಲಂಡನ್ನಿಗೆ

ನಮಸ್ಕಾರ್ರೀ ಎಲ್ಲಾರಿಗೂ. ಈಗ ನಿಮಗ ಕಾಣಾಕತ್ತಿದ್ದು ಗೋಕುಲ ರೋಡಿನ ನಮ್ಮ ಹುಬ್ಬಳ್ಳಿ ಏರ್‌ಪೋರ್ಟ್. ಇಲ್ಲಿಂದ ಮುಂಬೈ, ಅಲ್ಲಿಂದ ಲಂಡನ್, ನಾದಿನಿ ಮನಿಗೆ. ಜೋಡಿ ಮಗಳು ಅದಾಳ. ಆಕಿಗೆ ಶೇಂಗಾ ಆಗಿಬರಂಗಿಲ್ಲ, ಎಳ್ಳೂ ಆಗಿಬರಂಗಿಲ್ಲ. ಮೈ ತುರಿಸಿ ಸುಮ್ನಾಗೂ ಅಲರ್ಜಿ ಅಲ್ಲರಿ ಇದು. ತುಟಿ ಬಾಯ್ತಾವ, ಗಂಟಲ ಬಿಗೀತೈತಿ, ಉಸಿರು ಸಿಗಂಗಿಲ್ಲ, ಬಿಪಿ ಇಳೀತೈತಿ. ಡಾಕ್ಟರು ಇದಕ್ಕ ಅನಾಫಿಲಾಕ್ಸಿಸ್ ಅಂತಾರ.

ನಮ್ಮ ಕಡೆ ಶೇಂಗಾ ತಪ್ಪಿಸಿ ಉಣ್ಣೂದು ಎಷ್ಟ ತ್ರಾಸು ಅನ್ನೂದು ನಿಮಗ ಗೊತ್ತ ಐತಿ. ರೊಟ್ಟಿ ಜೋಡಿ ಶೇಂಗಾ ಹಿಂಡಿ. ಎಣ್ಣೆಗಾಯಿ ಮಸಾಲಿಗೆ ಶೇಂಗಾ, ಎಳ್ಳು. ಸಜ್ಜಿ ರೊಟ್ಟಿ ಮ್ಯಾಲ ಎಳ್ಳು. ಪಂಚಮಿಗೆ ಉಂಡಿ, ಸಂಕ್ರಾಂತಿಗೆ ಕುಸುರೆಳ್ಳು. ಮನ್ಯಾಗ ಇದಕ್ಕೆಲ್ಲಾ ಒಂದು ದಾರಿ ಮಾಡಿಕೊಂಡೇವಿ. ವಿಮಾನದಾಗ ಹಂಗಲ್ಲ, ಏನರೆ ಆದ್ರ ದವಾಖಾನಿ ಕೆಳಗ ಉಳೀತೈತಿ.

ಹೋಗೂ ಸುದ್ದಿ ಕೇಳಿದ ಕೂಡ್ಲೆ ನಮ್ಮ ಮೈದುನ ಹೇಳಿದ್ದು ಇದು: "ವೈನಿ, ಅಷ್ಟ ತಾಸು ಬಾಗಲಾ ಮುಚ್ಚಿಕೊಂಡು ಕುಂದ್ರೂದು. ಬಾಜೂದವರು ಶೇಂಗಾ ಪಾಕೀಟು ಒಡದ್ರ ಏನ್ ಮಾಡ್ತೀರಿ?" ಈ ಅಂಜಿಕಿ ಅಲರ್ಜಿ ಇದ್ದ ಎಲ್ಲಾ ಮನಿಗಳಾಗ ಐತಿ. ಎಷ್ಟೋ ಮಂದಿ ಇದಕ್ಕಂತನ ಪ್ರಯಾಣ ಬಿಟ್ಟಾರ. ಅದಕ್ಕ ಈ ಮಾತು ಸ್ವಲ್ಪ ಬಿಡಿಸಿ ಹೇಳ್ತೀನಿ.

ಅಲರ್ಜಿ ಮಾಡೂದು ಶೇಂಗಾದೊಳಗಿನ ಪ್ರೋಟೀನು. ಮೂಗಿಗೆ ಬಡಿಯೂ ವಾಸನ್ಯಾಗ ಆ ಪ್ರೋಟೀನು ಇರಂಗಿಲ್ಲ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಈ ವಿಷಯದ ಮ್ಯಾಲ ಬಂದ ಸಂಶೋಧನೆಗಳನ್ನ ತಜ್ಞರ ಕಡೆಯಿಂದ ಪರಿಶೀಲನೆ ಮಾಡಿಸಿತ್ತು, 2024ರಾಗ ಅದು ಪ್ರಕಟ ಆತು. ವಿಮಾನದ ಗಾಳಿ ವ್ಯವಸ್ಥಾದೊಳಗಿಂದ ಶೇಂಗಾ, ಬದಾಮಿಯಂಥ ಬೀಜಗಳ ಅಂಶ ಹರಡಿ ಮಂದಿಗೆ ರಿಯಾಕ್ಷನ್ ಆಗ್ತೈತಿ ಅನ್ನಾಕ ಪುರಾವೆ ಸಿಕ್ಕಿಲ್ಲ ಅಂತ ಅದ್ರಾಗ ಹೇಳ್ಯಾರ. ದೊಡ್ಡ ಜೆಟ್ ವಿಮಾನದಾಗ ಗಾಳಿ ತಲಿ ಮ್ಯಾಲಿಂದ ಬಂದು ಕಾಲಬುಡಕ್ಕ ಹೊರಗ ಹೋಗ್ತೈತಿ, ತಾಸಿಗೆ 20ಕ್ಕೂ ಹೆಚ್ಚು ಸಲ ಪೂರ್ತಿ ಬದಲಾಗ್ತೈತಿ. ಮೀನ ಬೇಯಿಸೂ ಹಬಿ, ಗೋದಿ ಹಿಟ್ಟಿನ ಧೂಳು, ಇವುಗಳ ಮಾತು ಬ್ಯಾರೆ. ಅವು ಗಾಳ್ಯಾಗ ಏರ್ತಾವ, ಅವುಗಳ ಅಲರ್ಜಿ ಇದ್ದವರು ತಮ್ಮ ಡಾಕ್ಟರ್‌ನ ಕೇಳಿಕೊಳ್ರಿ.

ಹಂಗಾದ್ರ ಅಪಾಯ ಎಲ್ಲಿ? ಕೈಯಾಗ ಐತ್ರಿ, ಬಾಯಾಗ ಐತಿ. ನಮಗಿಂತ ಮೊದಲ ಆ ಸೀಟಿನಾಗ ಕುಂತವರು ಶೇಂಗಾ ತಿಂದು ಅದ ಕೈಲೆ ಟ್ರೇ ಮುಟ್ಟಿರ್ತಾರ. ಮಕ್ಕಳು ಅಲ್ಲೇ ಕೈ ಆಡಿಸಿ ಬಾಯಿಗೆ ಇಡ್ತಾವ.

ಈಗ ನೋಡ್ರಿ, ಸೀಟು ಒರಸೂದು ಹತ್ತಿರದಿಂದ ತೋರಸ್ತೀನಿ. ಟ್ರೇ ಎರಡೂ ಬಾಜೂ. ಟ್ರೇ ತಿರಗಸೂ ಆ ಸಣ್ಣ ಚಿಲಕ, ಅದನ್ನ ಎಲ್ಲಾರೂ ಮುಟ್ಟಿರ್ತಾರ, ಯಾರೂ ಒರಸಂಗಿಲ್ಲ. ಕೈ ಇಡೂ ಪಟ್ಟಿಯ ಕೆಳಗ ಬೆರಳು ತಾಗೂ ಜಾಗ. ಬೆಲ್ಟಿನ ಬಕಲ್. ಎದುರಿನ ಟಿವಿ ಪರದೆ. ಮುಂದಿನ ಸೀಟಿನ ಚೀಲದಾಗ ಏನೂ ಇಡಬ್ಯಾಡ್ರಿ, ಅದರ ತಳದಾಗ ಚೂರು ಕುಂತಿರ್ತಾವ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡ್ರಿ: ಸ್ಯಾನಿಟೈಸರ್ ಹಚ್ಚಿದ್ರ ಶೇಂಗಾ ಪ್ರೋಟೀನು ಹೋಗಂಗಿಲ್ಲ. ಸಾಬೂನು ಹಚ್ಚಿ ತೊಳೀಬೇಕು, ಇಲ್ಲಾ ವೆಟ್ ವೈಪ್ಸ್‌ಲೆ ಒರಸಬೇಕು. ಟಿಕೆಟ್ ಮಾಡೂ ಮುಂದ ಏರ್‌ಲೈನಿಗೆ ಅಲರ್ಜಿ ವಿಷಯ ತಿಳಿಸಿ, ಒರಸಾಕ ಮೊದಲ ಹತ್ತಲಿಕ್ಕೆ ಬಿಡ್ರಿ ಅಂತ ಕೇಳ್ರಿ. ಹತ್ತಿದ ಮ್ಯಾಲ ಸಿಬ್ಬಂದಿಗೂ ಇನ್ನೊಮ್ಮೆ ಹೇಳ್ರಿ. ಬುಕಿಂಗ್‌ನ್ಯಾಗ ಬರದದ್ದು ಅವರ ತನಕ ಮುಟ್ಟೇತಿ ಅಂತ ನಂಬಿ ಕುಂದ್ರಬ್ಯಾಡ್ರಿ.

ಊಟ. ನಾನು ಮಗಳಿಗೆ ವಿಮಾನದ ಊಟ ಕೊಡಂಗಿಲ್ಲ. ವೆಜ್, ಜೈನ್, ಗ್ಲುಟೆನ್ ಇಲ್ಲದ್ದು, ಯಾವ ಊಟ ಬರಸಿದ್ರೂ ಅದ್ರಾಗ ಎಳ್ಳು ಇಲ್ಲ ಅನ್ನಾಕ ಆಗಂಗಿಲ್ಲ. ಬುತ್ತಿ ಮನ್ಯಾಗ ಕಟ್ಟೇನಿ: ಖಡಕ್ ಜ್ವಾಳದ ರೊಟ್ಟಿ, ಒಣ ಪಲ್ಯ, ಚೂಡಾ. ನೀರ ನೀರ ಸಾರು, ಮೊಸರು ಸೆಕ್ಯೂರಿಟಿಯಾಗ ತಗಸ್ತಾರ, ಒಣ ಪದಾರ್ಥಕ್ಕ ಆ ತಕರಾರಿಲ್ಲ. ಬುತ್ತಿಯಾಗೂ ಎರಡು ಕಡೆ ಕಣ್ಣು ಇಡಬೇಕು. ಒಂದು ಗಿರಣಿ. ಜ್ವಾಳ ಬೀಸೂ ಕಲ್ಲಿನಾಗ ಮೊದಲ ಏನು ಹಾಕಿದ್ರು ಅಂತ ಕೇಳ್ರಿ. ನಾನು ಮನೀ ಮಿಕ್ಸರ್‌ನ್ಯಾಗ ಮಾಡಿಕೊಂಡೆ. ಎರಡನೇದು ಎಣ್ಣಿ. ಪೂರ್ತಿ ರಿಫೈನ್ಡ್ ಮಾಡಿದ ಶೇಂಗಾ ಎಣ್ಣ್ಯಾಗ ಪ್ರೋಟೀನು ಉಳಿಯೂದು ಅತೀ ಕಡಿಮಿ, ಗಾಣದ ಎಣ್ಣ್ಯಾಗ ಉಳೀತೈತಿ. ನಮ್ಮ ಕಡೆ ಗಾಣದ ಎಣ್ಣಿ ಈಗ ಮತ್ತ ಭಾಳ ನಡದೈತಿ, ಖರೀದಿ ಮಾಡಿದ ಚೂಡಾ ಯಾವ ಎಣ್ಣ್ಯಾಗ ಕರದಾರೋ ಯಾರಿಗೆ ಗೊತ್ತು.

ಪಾಕೀಟು ಓದೂದಂತೂ ಬಿಡಬ್ಯಾಡ್ರಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐದ 2020ರ ಲೇಬಲ್ ನಿಯಮದಾಗ ಅಲರ್ಜಿ ಪದಾರ್ಥ ಅಂತ ಬ್ಯಾರೆ ಹೇಳಬೇಕಾದ ಪಟ್ಟ್ಯಾಗ ಶೇಂಗಾ, ಹಾಲು, ಸೋಯಾ, ಗೋದಿ ಅದಾವ, ಎಳ್ಳು ಇಲ್ಲ. ಅದಕ್ಕ ಆ ಒಂದ ಸಾಲು ಓದಿ ಸಾಕು ಅನ್ನಬ್ಯಾಡ್ರಿ, ಪದಾರ್ಥಗಳ ಪಟ್ಟಿ ಪೂರ್ತಿ ನೋಡ್ರಿ. ಅಮೆರಿಕಾದಾಗ 2023ರ ಜನವರಿಯಿಂದ ಎಳ್ಳನ್ನ ಲೇಬಲ್‌ನ್ಯಾಗ ಅಲರ್ಜಿ ಪದಾರ್ಥ ಅಂತ ತೋರಸೂದು ಕಡ್ಡಾಯ ಆಗೇತಿ. ನಮ್ಮಲ್ಲೂ ಆಗಬೇಕು, ಇಷ್ಟ ಎಳ್ಳು ತಿನ್ನೂ ನಾಡಿನಾಗ ಆಗಲೇಬೇಕು.

ಲಂಡನ್ನಿಗೆ ಹೊಂಟಾಗ ನತಾಶಾ ಎಡ್ನಾನ್-ಲಪೆರೂಸ್ ಅನ್ನೂ ಹುಡುಗಿ ನೆನಪಾಗದ ಇರಂಗಿಲ್ಲ. 15 ವರ್ಷದಾಕಿ. 2016ರ ಜುಲೈದಾಗ ಅಪ್ಪನ ಜೋಡಿ ಲಂಡನ್ನಿಂದ ಫ್ರಾನ್ಸಿನ ನೀಸ್‌ಗೆ ಹೊಂಟಿದ್ಲು. ಹೀಥ್ರೂ ಏರ್‌ಪೋರ್ಟಿನಾಗ ಒಂದು ಸ್ಯಾಂಡ್‌ವಿಚ್ ತಗೊಂಡ್ಳು. ಎಳ್ಳು ಬ್ರೆಡ್ಡಿನ ಹಿಟ್ಟಿನಾಗ ಕಲಿಸಿ ಬೇಯಿಸಿದ್ರು, ಮ್ಯಾಲ ಕಾಣ್ತಿದ್ದಿಲ್ಲ, ಲೇಬಲ್‌ನ್ಯಾಗೂ ಬರದಿದ್ದಿಲ್ಲ. ವಿಮಾನದಾಗ ಆಕಿ ಸ್ಥಿತಿ ಕೆಟ್ಟಿತು. ಎರಡು ಅಡ್ರಿನಾಲಿನ್ ಪೆನ್, ಅಂದ್ರ ಇಂಥಾ ಹೊತ್ತಿನ್ಯಾಗ ಚುಚ್ಚೂ ಇಂಜೆಕ್ಷನ್, ಕೊಟ್ರೂ ಉಳೀಲಿಲ್ಲ. ಆಕಿ ಅಪ್ಪ ಅವ್ವ ಹೋರಾಡಿ ಕಾನೂನು ತರಿಸಿದ್ರು. 2021ರ ಅಕ್ಟೋಬರ್ 1ರಿಂದ ಬ್ರಿಟನ್ನಿನಾಗ ಅಂಗಡ್ಯಾಗ ಮಾಡಿ ಪ್ಯಾಕ್ ಮಾಡಿ ಮಾರೂ ತಿನಿಸಿನ ಮ್ಯಾಲೂ ಎಲ್ಲಾ ಪದಾರ್ಥ ಬರೀಬೇಕು. ಮಗಳು ಈ ಕಥಿ ಕೇಳಿದ ಮ್ಯಾಲ ಏರ್‌ಪೋರ್ಟಿನಾಗ ಏನೂ ಕೇಳಂಗಿಲ್ಲ, ತಾನ ಬುತ್ತಿ ತಗೀತಾಳ.

ಔಷಧದ ಮಾತು ಈಗ. ಅಲರ್ಜಿ ಗುಳಗಿ, ಸೆಟ್ರಿಜಿನ್‌ನಂಥಾದ್ದು, ತುರಿಕಿ ಕಡಿಮಿ ಮಾಡ್ತೈತಿ. ಉಸಿರು ಕಟ್ಟಿದಾಗ ಅದು ಕೆಲಸಕ್ಕ ಬರಂಗಿಲ್ಲ. ಜೀವ ಉಳಸೂದು ಅಡ್ರಿನಾಲಿನ್. ತಾನ ಚುಚ್ಚೂ ಪೆನ್ನು ನಮ್ಮ ದೇಶದಾಗ ಸಿಗೂದು ಕಷ್ಟ. ಭಾಳ ಡಾಕ್ಟರು 1 ಎಂಎಲ್‌ನ್ಯಾಗ 1 ಮಿಲಿಗ್ರಾಂ ಇರೂ ಆಂಪೂಲ್ (ಔಷಧದ ಸಣ್ಣ ಗಾಜಿನ ಶೀಶೆ), ಸಿರಿಂಜ್ ಬರದ ಕೊಡ್ತಾರ. ಮಕ್ಕಳಿಗೆ ತೂಕದ ಲೆಕ್ಕದ ಮ್ಯಾಲ ಡೋಸು, ಅದನ್ನ ಡಾಕ್ಟರ ಹೇಳಬೇಕು, ತುಂಬೂದು ಚುಚ್ಚೂದು ಅವರ ಎದುರಿಗೇ ಕಲೀಬೇಕು. ನಾನು, ಮನೆಯವರು ಇಬ್ಬರೂ ಕಲ್ತೇವಿ. ಎರಡು ಡೋಸಿಗೆ ಆಗೂವಷ್ಟು ಇಟ್ಟಕೊಳ್ರಿ. ಚೆಕ್-ಇನ್ ಬ್ಯಾಗಿನಾಗ ಹಾಕಬ್ಯಾಡ್ರಿ, ತಲಿ ಮ್ಯಾಲಿನ ಕಪಾಟಿನಾಗೂ ಇಡಬ್ಯಾಡ್ರಿ, ಕಾಲ ಬುಡಕ ಇರೂ ಚೀಲದಾಗ ಇರಲಿ. ಫ್ರಿಜ್ಜೂ ಬ್ಯಾಡ, ಬಿಸಲಾಗ ನಿಲ್ಸಿದ ಕಾರೂ ಬ್ಯಾಡ. ಔಷಧದ ಬಣ್ಣ ತಿರುಗಿದ್ರ ಬದಲಿ ತಗೋರಿ. ಜೋಡಿ ಡಾಕ್ಟರ್ ಬರದ ಇಂಗ್ಲಿಷ್ ಚೀಟಿ ಇಡ್ರಿ, ಸೂಜಿ ಕಂಡು ಸೆಕ್ಯೂರಿಟಿಯವರು ಕೇಳ್ತಾರ.

ರಿಯಾಕ್ಷನ್ ಶುರು ಆದ್ರ, ಉಸಿರಾಟಕ್ಕ ತ್ರಾಸಾದ್ರ, ದನಿ ಬದಲಾದ್ರ, ತಲಿ ತಿರುಗಿ ಬಿಳುಚಿಕೊಂಡ್ರ, ಕಾಯಬ್ಯಾಡ್ರಿ. ತೊಡಿ ಹೊರಗಿನ ಬಾಜೂ, ನಡುವಿನ ಭಾಗಕ್ಕ ಅಡ್ರಿನಾಲಿನ್. ಮಲಗಿಸಿ ಕಾಲು ಎತ್ತರಕ್ಕ ಇಡ್ರಿ. ಉಸಿರು ಕಷ್ಟ ಇದ್ರ ಕಾಲು ಚಾಚಿ ಕುಂದ್ರಸ್ರಿ. ಎಬ್ಬಿಸಿ ಬಾತ್‌ರೂಮಿಗೆ ಅಂತೂ ಕರಕೊಂಡು ಹೋಗಬ್ಯಾಡ್ರಿ, ಒಮ್ಮೆಲೆ ಎದ್ದು ನಿಂತ್ರ ಬಿಪಿ ಕುಸೀತೈತಿ. ಸಿಬ್ಬಂದಿನ ಕರೀರಿ, ವಿಮಾನದಾಗ ಡಾಕ್ಟರ್ ಇದ್ದಾರೇನು ಅಂತ ಅವರು ಅನೌನ್ಸ್ ಮಾಡ್ತಾರ, ಪೈಲಟ್‌ಗೆ ತಿಳಸ್ತಾರ. ಐದು ನಿಮಿಷದಾಗ ಸುಧಾರಿಸದಿದ್ರ ಎರಡನೇ ಡೋಸು. ಸುಧಾರಿಸಿದ್ರೂ ಇಳಿದ ಕೂಡ್ಲೆ ದವಾಖಾನಿ, ಯಾಕಂದ್ರ ಕೆಲವರಿಗೆ ಕೆಲವು ತಾಸಿನ ಮ್ಯಾಲ ಅದು ತಿರುಗಿ ಬರ್ತೈತಿ.

ಮುಂಬೈದಾಗ ನಮ್ಮ ಬೋರ್ಡಿಂಗ್ ಕರದ್ರು. ಒರಸೂದು ಐತಿ, ನಾವು ಮೊದಲ ಹತ್ತತೇವ್ರಿ.